ಚಿರಾಗದ ವತನ

ಮಾತು ಮುಗಿಯುತ್ತ ಬಂದಿತ್ತು. ಚಹಾ ಬಂದಿತ್ತು. ಹೆಂಡತಿ ಬಿಸ್ಮಿಲ್ಲಾಬಿ ಮಣ್ಣಾದ ಮೇಲೆ ಮೊದಲ ಸಲ ಮಲಂಗಸಾಬನ ಮುಖದಲ್ಲಿ ಒಂದಿಷ್ಟು ಬೆಳಕು ಕಂಡಿತ್ತು. ಆಗ ಹೆಣ್ಣು ಕೇಳಲು ಬಂದಿದ್ದ ಜಾಕೀರ ಆ ಮಾತು ಆಡಿದ.

“ಮಾಮು, ಒಂದು ಮಾತ ಮೊದಲ ಹೇಳಿಬಿಡತೇನ್ರಿ. ಲಗ್ನ ಆದ ಮ್ಯಾಲೆ ವತನ ಬಿಡಬೇಕಾಗತೈತಿ. ಅದಕ್ಕ ನೀವು ಹೂಂ ಅನಬೇಕು.”

ಮಲಂಗಸಾಬನ ತುಟಿಯ ಹತ್ತಿರ ಹೋಗಿದ್ದ ಚಹಾದ ಬಸಿ ಅಲ್ಲೇ ನಿಂತಿತು.

“ಯಾರ ವತನ?”

“ನಮ್ಮದ್ರಿ. ಇನ್ನ ಅದರಾಗ ಏನ ಉಳದೈತಿ? ಹಿಡಕೊಂಡು ಕುಂತು ಏನ ಮಾಡೂದೈತಿ?”

ಮಲಂಗಸಾಬ ಬಸಿಯನ್ನು ಕೆಳಗಿಟ್ಟ. ಜಾಕೀರನ ಜೊತೆ ಬ್ಯಾಡಗಿಯಿಂದ ಬಂದಿದ್ದ ಅವನ ಸೋದರಮಾವ ಯೂಸುಫಸಾಬನ ಕಡೆಗೆ ತಿರುಗಿ, “ಚಾ ಕುಡೀರಿ. ಕುಡದು ಹೋಗ್ರಿ” ಎಂದ.

ಪರದೆಯ ಹಿಂದೆ ದಿಲನಾಜ ನಿಂತಿದ್ದಳು. ಬಂದವರ ಚಪ್ಪಲಿಯ ಸಪ್ಪಳ ಓಣಿಯ ತುದಿಗೆ ಹೋಗಿ ಮುಗಿಯಿತು.

“ನೋಡಿದೇನವಾ?” ಎಂದ ತಂದೆ. “ಹೆಣ್ಣ ಕೇಳಾಕ ಬಂದಿರಲಿಲ್ಲ. ಹೊಲ ಕೇಳಾಕ ಬಂದಿದ್ದ.”

ಕುಪ್ಪೇಲೂರಿನಲ್ಲಿ ವತನವೆಂದರೆ ಒಂದೇ ಅರ್ಥ. ಊರಾಚೆಯ ಪೀರನ ದರಗಾದಲ್ಲಿ ಗುರುವಾರ ಸಂಜೆ ದೀಪ ಹಚ್ಚುವ ಸೇವೆಗಾಗಿ ಹಿಂದಿನ ಕಾಲದವರು ಈ ಮನೆತನಕ್ಕೆ ಬಿಟ್ಟುಕೊಟ್ಟ ತುಂಡು ಹೊಲ. ಊರವರು ಅದನ್ನು ಚಿರಾಗದ ವತನ ಎನ್ನುತ್ತಿದ್ದರು. ಜೋಳ ಬೆಳೆದರೂ ಬೆಳೆಯದಿದ್ದರೂ ದೀಪ ಮಾತ್ರ ತಪ್ಪಿರಲಿಲ್ಲ. ಬಿಸ್ಮಿಲ್ಲಾಬಿಯನ್ನು ಮಣ್ಣಿಗಿಟ್ಟ ದಿನ ಗುರುವಾರವೇ ಆಗಿತ್ತು. ಕೈಯ ಮಣ್ಣು ತೊಳೆದುಕೊಂಡು ಮಲಂಗಸಾಬ ಹೋಗಿ ದೀಪ ಹಚ್ಚಿ ಬಂದಿದ್ದ. ದೇವರ ಮೇಲೆ ಮುನಿಸಿಕೊಳ್ಳುವ ಹಕ್ಕು ಮನುಷ್ಯನಿಗೆ ಇಲ್ಲವೆಂದು ಅವನು ನಂಬಿದ್ದ.

ದಿಲನಾಜಳಿಗೆ ಸಿಟ್ಟು ಬರಲಿಲ್ಲ. ಎದೆಯಲ್ಲಿ ಏನೋ ಮಡಚಿ ಕುಳಿತಂತಾಯಿತು. ಆ ಮನುಷ್ಯ ಹೊಲ ಕೇಳುವವನೇ?

ರಾಣೆಬೆನ್ನೂರಿನ ಪೇಟೆಯಲ್ಲಿ ಜಾಕೀರನಿಗೆ ಒಂದು ಟೇಲರ್ ಅಂಗಡಿ ಇತ್ತು. ಬೀಜದ ಹತ್ತಿಯ ಹೊಲಗಳಲ್ಲಿ ಹೂವಿಗೆ ಹೂವು ಸೋಕಿಸುವ ಕ್ರಾಸಿಂಗ್ ಕೆಲಸ ಮಾಡುವ ದಿಲನಾಜ ಅಲ್ಲಿ ಚೂಡಿದಾರ ಹೊಲಿಯಲು ಕೊಟ್ಟಿದ್ದಳು. ತಿರುಗಿ ತಂದಾಗ ಒಂದು ತೋಳು ಗಿಡ್ಡವಾಗಿತ್ತು.

“ಇದೇನ್ರಿ, ಒಂದ ತೋಳ ಗಿಡ್ಡ?”

ಅವನು ಟೇಪನ್ನು ಕೊರಳಿಗೆ ಹಾಕಿಕೊಂಡು ಬಹಳ ಗಂಭೀರವಾಗಿ ನೋಡಿದ. “ತೋಳ ಬರೋಬ್ಬರಿ ಐತ್ರಿ. ನಿಮ್ಮ ಕೈ ಉದ್ದ ಆಗೈತಿ.”

“ಒಂದ ಕೈ?”

“ಹೂವಿನ ಕೆಲಸ ಮಾಡೋರಲ್ರಿ. ಗಿಡಕ್ಕ ಕೈ ಚಾಚಿ ಚಾಚಿ ಬೆಳದಿರಬೇಕು.”

ಅವಳು ಓಢಣಿಯ ಅಂಚನ್ನು ಹಲ್ಲಿನಲ್ಲಿ ಹಿಡಿದಳು, ನಗೆ ಹೊರಬಾರದ ಹಾಗೆ. ಅವನು ತಲೆ ತಗ್ಗಿಸಿದ್ದ. ಆದರೆ ಕಣ್ಣು ಮಾತ್ರ ಮೇಲಕ್ಕೆ ಬಂದು, ಆ ಅಂಚನ್ನು ನೋಡಿ, ಬಟ್ಟೆಗೆ ಇಳಿದಿತ್ತು. ಮುಂದಿನ ಸಲ ಆ ತೋಳು ಉದ್ದವಾಗಿ ಬಂತು. ಅದರ ಮುಂದಿನ ಸಲ ಕೊರಳು ಸೊಟ್ಟ.

“ಬಾ ಅಂದ್ರ ಬರತೇನ್ರಿ,” ಎಂದಿದ್ದಳು ಕೊನೆಗೆ. “ಅರಿವಿ ಯಾಕ ಹಾಳ ಮಾಡತೀರಿ?”

ಅವನ ಸೂಜಿ ಬೆರಳಿಗೆ ಚುಚ್ಚಿತ್ತು.

ಅದೆಲ್ಲ ಹೋದ ವರ್ಷದ ಮಾತು. ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಪೇಟೆಯಲ್ಲಿ ಗಲಾಟೆಯಾಯಿತು. ಎಲ್ಲಿಂದಲೋ ಕಲ್ಲು ಬಿತ್ತೆಂದು ಶುರುವಾದದ್ದು ಕೆಲವು ಅಂಗಡಿಗಳಿಗೆ ಬೆಂಕಿ ಇಟ್ಟು ನಿಂತಿತು. ಸುಟ್ಟ ಅಂಗಡಿಗಳಲ್ಲಿ ಜಾಕೀರನದೂ ಒಂದು. ಮಷಿನ್ ಸುಟ್ಟಿತು. ಗೂಟಕ್ಕೆ ತೂಗುಹಾಕಿದ್ದ ಊರವರ ಜಂಪರು, ಲಂಗ, ಮದುವೆಯ ಬಟ್ಟೆಗಳೆಲ್ಲ ಸುಟ್ಟವು. ಅಂದಿನಿಂದ ಅವನು ಬ್ಯಾಡಗಿಯಲ್ಲಿ ಸೋದರಮಾವನ ಮನೆಯಲ್ಲಿದ್ದ. ಹೆಣ್ಣು ಕೇಳಲು ಬಂದದ್ದೇ ದಿಲನಾಜಳಿಗೆ ಅವನ ಮೊದಲ ಸುದ್ದಿ.

ಸೋಮವಾರ ಬೆಳಿಗ್ಗೆ ಅವಳು ಐರಣಿಯ ಹೊಲದಲ್ಲಿದ್ದಳು. ಅತ್ತ ಹೊಳೆ ಸಣ್ಣಗೆ ಹರಿಯುತ್ತಿತ್ತು. ಗಂಡು ಹೂವನ್ನು ಹರಿದು ತಂದು, ಹಿಂದಿನ ದಿನವೇ ಬಿಡಿಸಿಟ್ಟಿದ್ದ ಮೊಗ್ಗಿನ ತುದಿಗೆ ಹಗುರವಾಗಿ ಸವರಿ, ಗುರುತಿಗೆ ದಾರ ಕಟ್ಟುವುದು ಅವಳ ಕೆಲಸ. ಬದುವಿನ ಮೇಲೆ ಯಾರೋ ನಿಂತಂತಾಯಿತು. ನೋಡಿದರೆ ಜಾಕೀರ. ಬಹಳ ಇಳಿದು ಹೋಗಿದ್ದ.

“ಮಾತಾಡೂದಿಲ್ಲೇನ?”

“ಹೊಲ ಬೇಕಿದ್ರ ಅಬ್ಬಾನ ಕೂಡ ಮಾತಾಡ್ರಿ.”

“ಯಾವ ಹೊಲ?”

“ನೀವ ಅಂದ್ರೆಲ್ಲ, ವತನ ಬಿಡ್ರಿ ಅಂತ.”

ಅವನು ಅವಳನ್ನೇ ನೋಡಿದ. ಅವನು ಕಲಿತದ್ದು ಪೇಟೆಯ ಉರ್ದು ಸಾಲೆಯಲ್ಲಿ. ಅಲ್ಲಿನ ಪುಸ್ತಕದಲ್ಲಿ ಆ ಶಬ್ದಕ್ಕೆ ಬೇರೆ ಅರ್ಥವಿತ್ತು.

“ಯಾ ಅಲ್ಲಾ! ವತನ ಅಂದ್ರ ಹೊಲ ಅಲ್ಲ ದಿಲನಾಜ. ಮುಲ್ಕ. ದೇಶ. ನಾ ದೇಶ ಬಿಡೂನು ಅಂದೆ.”

ಅವಳು ನಕ್ಕುಬಿಟ್ಟಳು. ಕೈಯಲ್ಲಿದ್ದ ಹೂವು ಬಿದ್ದುಹೋಯಿತು. ಅವನೂ ನಕ್ಕ. ಸಾಲಿನಾಚೆ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು, “ಏ ದಿಲನಾಜಾ, ಗಂಡಹೂವು ಹೊಲದಾಗ ಹುಡುಕವಾ, ಬದುವಿನ ಮ್ಯಾಲೆ ಅಲ್ಲ” ಎಂದು ಕೂಗಿದಳು. ಆ ನಗೆ ಇನ್ನೂ ತುಟಿಯ ಮೇಲಿರುವಾಗಲೇ ದಿಲನಾಜಳಿಗೆ ಅವನು ಹೇಳಿದ್ದು ಅರ್ಥವಾಯಿತು.

“ದೇಶ ಬಿಟ್ಟು ಎಲ್ಲಿಗೆ?”

“ಮಸ್ಕತ್ತಿಗೆ. ಹಾವೇರಿಯ ಏಜೆಂಟ್ ಕಾಗದ ಎಲ್ಲಾ ಮಾಡ್ಯಾನ. ರವಿವಾರ ಮುಂಬಯಿ ಗಾಡಿ. ನಿಖಾ ಮಾಡಕೊಂಡು ಹೋದ್ರ ಆಮ್ಯಾಲೆ ನಿನ್ನನ್ನೂ ಕರಸಕೋಬೌದು.”

“ಇಲ್ಲಿ ಬದುಕಾಕ ಆಗೂದಿಲ್ಲೇನ್ರಿ?”

ಅವನು ಬದುವಿನ ಮೇಲೆ ಕುಳಿತ. ಒಂದು ಹತ್ತಿಯ ಎಲೆಯನ್ನು ಹರಿದು ಮಡಚಿದ, ಮತ್ತೆ ಮಡಚಿದ.

“ಬೆಂಕಿ ಹಚ್ಚಿದೋರ ಮ್ಯಾಲೆ ನನಗ ಸಿಟ್ಟಿಲ್ಲ. ಅವರ ಮುಖ ನಾ ನೋಡಿಲ್ಲ. ಆದ್ರ ಬಾಜೂ ಅಂಗಡಿಯವ ಇದ್ದನಲ್ಲ, ದಿನಾ ಒಂದ ಚಾ ಇಬ್ಬರೂ ಹಂಚಿಕೊಂಡು ಕುಡೀತಿದ್ವಿ. ಅವತ್ತ ಮಧ್ಯಾಹ್ನನ ಅವನು ಶೆಟರ್ ಎಳದ. ಇಷ್ಟ ಲಗೂ ಯಾಕೋ ಅಂದೆ. ತಲಿ ನೋವು ಅಂದ. ಸಾಮಾನೆಲ್ಲ ತುಂಬಿಕೊಂಡು ಹೋಗಿದ್ದ. ಅವಗ ಗೊತ್ತಿತ್ತು, ದಿಲನಾಜ. ಗೊತ್ತಿತ್ತು, ನನಗ ಹೇಳಲಿಲ್ಲ.”

ಹೊಳೆಯ ಮೇಲಿಂದ ಗಾಳಿ ಬಂತು.

“ನಮಗ ಮಕ್ಕಳಾದ್ರ, ಯಾರ ಬಾಜೂ ಕುಂದರಸೂದು ಹೇಳ?” ಎಂದ.

ಆ ಮಾತಿಗೆ ಅವಳ ಮುಖ ಕೆಂಪಾಯಿತು. ತಲೆ ತಗ್ಗಿಸಿ, ಕಟ್ಟಿದ್ದ ದಾರವನ್ನೇ ಮತ್ತೆ ಕಟ್ಟಿದಳು.

“ಪ್ಯಾಟಿ ಬ್ಯಾರೆ, ನಮ್ಮೂರ ಬ್ಯಾರೆ,” ಎಂದಳು. “ನಮ್ಮೂರ ದರಗಾದ ದೀಪಕ್ಕ ಎಣ್ಣಿ ನಾವು ಹಾಕೂದಿಲ್ಲ. ಬಾಗಲದಾಗ ಒಂದು ಗಡಿಗಿ ಇಟ್ಟಿರತೇವಿ. ಗುರುವಾರ ಊರ ಮಂದಿ ಬಂದು ಸುರದು ಹೋಗತಾರ, ಎಲ್ಲಾ ಜಾತಿಯೋರೂ. ನಾ ಸಂಜೀಗೆ ಕೆಲಸಾ ಮುಗಿಸಿ ಬರೂದ್ರಾಗ ಗಡಿಗಿ ತುಂಬಿರತೈತಿ. ಗಲಾಟೆ ಆದ ವಾರನೂ ತುಂಬಿತ್ತು. ಬಂದು ನೋಡ್ರಿ.”

“ಖರೇನ?”

“ಖರೇ. ತುಂಬಿದ್ರ?”

ಅವನು ಹೊಳೆಯ ಕಡೆಗೆ ನೋಡಿದ. “ತುಂಬಿದ್ರ ಹೋಗೂದಿಲ್ಲ. ತುಂಬಲಿಲ್ಲಂದ್ರ ನೀ ನನ್ನ ತಡೀಬಾರದು.”

ಅಂದು ಸಂಜೆ ಅವಳು ತಂದೆಗೆ ಎಲ್ಲವನ್ನೂ ಹೇಳಿದಳು. ಮಲಂಗಸಾಬ ಮೊದಲು ನಕ್ಕ. ನಗುತ್ತ ನಗುತ್ತ ಕೆಮ್ಮು ಬಂತು. ಕಣ್ಣು ಒರೆಸಿಕೊಂಡ.

“ಹುಚ್ಚಪ್ಯಾಲಿ! ಒಂದು ತುಂಡ ಹೊಲಕ್ಕ ಎಷ್ಟ ಸಿಟ್ಟ ಮಾಡಿದೆ ನಾ. ಇದಕ್ಕ ಹೆಂಗ ಸಿಟ್ಟ ಮಾಡಲಿ?” ಆಮೇಲೆ, “ಗಡಿಗಿ ನೋಡತೇನಂದನ? ಬರಲಿ. ತುಂಬತೈತಿ” ಎಂದ.

ಗುರುವಾರ ದಿಲನಾಜ ಕೆಲಸಕ್ಕೆ ಹೋಗಲಿಲ್ಲ. ತಂದೆಗೆ ಅದನ್ನು ಹೇಳಿರಲಿಲ್ಲ. ಬೆಳಗಿನ ನಮಾಜಿಗೆ ಎದ್ದು ಹೋದ ತಂದೆ ಬಹಳ ಹೊತ್ತಾದರೂ ಮನೆಗೆ ಬರಲಿಲ್ಲ. ಕಸಬರಿಗೆ ಹಿಡಿದು ದರಗಾದ ಅಂಗಳ ಗುಡಿಸೋಣವೆಂದು ಅವಳು ಹೊರಟಳು. ಬೇವಿನ ಗಿಡದ ಹತ್ತಿರ ಬಂದು ನಿಂತಳು.

ಮಲಂಗಸಾಬ ಬಾಗಿಲಲ್ಲಿ ಕುಕ್ಕುರುಗಾಲಲ್ಲಿ ಕುಳಿತಿದ್ದ. ಪಕ್ಕದಲ್ಲಿ ಕಿರಾಣಿ ಅಂಗಡಿಯ ಪಾಕೀಟಿನ ಎಣ್ಣೆ. ಒಂದೊಂದೇ ಪಾಕೀಟಿನ ಮೂಲೆಯನ್ನು ಹಲ್ಲಿನಿಂದ ಹರಿದು ಗಡಿಗೆಗೆ ಸುರಿಯುತ್ತಿದ್ದ. ಸುರಿದಾದ ಮೇಲೆ ಖಾಲಿ ಪಾಕೀಟುಗಳನ್ನು ಮಡಚಿ ಅಂಗಿಯ ಒಳಗೆ ಸೇರಿಸಿಕೊಂಡ. ಗಡಿಗೆಯ ಕಂಠ ಒರೆಸಿದ. ಆಮೇಲೆ ಎರಡೂ ಕೈ ಎತ್ತಿ ದುವಾ ಬೇಡಿದ.

ಕಳ್ಳತನ ಮಾಡುವವರ ಆತುರ ಅವನಲ್ಲಿ ಇರಲಿಲ್ಲ. ನಿತ್ಯದ ಕೆಲಸ ಮಾಡಿದ ಹಾಗಿತ್ತು. ಎಷ್ಟು ಗುರುವಾರಗಳಿಂದ ಹೀಗೆಯೋ, ಅವಳಿಗೆ ತಿಳಿಯಲಿಲ್ಲ. ತುಂಬಿದ ಗಡಿಗೆ ತೋರಿಸಿ, “ಇವತ್ತ ಭಾಳ ಮಂದಿ ಬಂದಿದ್ರವಾ” ಎಂದು ಅವನು ಹೇಳಿದ ಸಂಜೆಗಳೆಲ್ಲ ನೆನಪಾದವು. ಮಗಳು ಬದುಕಬೇಕಾದ ಊರು ಇನ್ನೂ ಮೊದಲಿನ ಹಾಗೇ ಇದೆಯೆಂದು ಅವಳು ನಂಬಲಿ ಎಂದು ಅವನು ಸುರಿದಿದ್ದ ಎಣ್ಣೆ ಅದು. ಅವಳು ಸಪ್ಪಳವಾಗದ ಹಾಗೆ ಮನೆಗೆ ಬಂದಳು.

ಮಧ್ಯಾಹ್ನದ ಬಸ್ಸಿಗೆ ಜಾಕೀರ ಬರುವವನಿದ್ದ. ಅವಳು ಸ್ಟ್ಯಾಂಡಿನ ಕಟ್ಟೆಯ ಹತ್ತಿರ ನಿಂತಳು. ಸುಮ್ಮನಿದ್ದರೆ ಸಾಕಿತ್ತು. ಗಡಿಗೆ ತುಂಬಿದೆ, ಅವನು ನೋಡುತ್ತಾನೆ, ಉಳಿಯುತ್ತಾನೆ. ಸುಮ್ಮನಿರುವ ಶಕ್ತಿ ಕೊಡು ದೇವರೇ ಎಂದು ಬೇಡಿಕೊಂಡಳು. ದೇವರು ಕೊಡಲಿಲ್ಲ.

ಬಸ್ಸು ಬಂತು. ಅವನು ಇಳಿದ. ಗುಲಾಬಿ ಬಣ್ಣದ ದಾರದ ಉಂಡೆಯೊಂದನ್ನು ಅವಳಿಗಾಗಿ ತಂದಿದ್ದ.

“ಮೊಗ್ಗಿಗೆ ಕಟ್ಟಾಕ,” ಎಂದು ನಕ್ಕ.

“ಇದ ಬಸ್ಸ ಹೊಳ್ಳಿ ಹೋಗತೈತಿ. ಹತ್ರಿ.”

“ಯಾಕ?”

“ಗಡಿಗಿ ತುಂಬೈತಿ. ತುಂಬಿದವರು ಅಬ್ಬಾ. ಪಾಕೀಟಿನ ಎಣ್ಣಿ. ನಾ ಕಣ್ಣಾರೆ ನೋಡಿದೆ. ಊರ ಮಂದಿ ಬರೂದು ಬಿಟ್ಟಾರ. ನನಗ ಗೊತ್ತಿರಲಿಲ್ಲ. ನೀವು ಹೇಳಿದ್ದ ಖರೇ.”

ಒಂದೇ ಉಸಿರಿಗೆ ಹೇಳಿ ಮುಖ ತಿರುಗಿಸಿದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ತಿರುಗಿಸಿಕೊಂಡು ಅವರ ಪಕ್ಕದಲ್ಲೇ ಬಂದು ನಿಂತಿತು. “ಬರಾವ ಏನಪಾ?” ಎಂದ ಕಂಡಕ್ಟರ್.

ಜಾಕೀರ ಹತ್ತಲಿಲ್ಲ. ಬಸ್ಸು ಹೋಯಿತು. ಧೂಳು ಇಳಿಯುವವರೆಗೆ ಇಬ್ಬರೂ ನಿಂತಿದ್ದರು.

“ಹೇಳದ ಇದ್ದಿದ್ರ ನಾ ಉಳೀತಿದ್ನೆಲ್ಲ,” ಎಂದ ಮೆಲ್ಲಗೆ.

“ಹೂಂ.”

“ಮತ್ತ ಯಾಕ ಹೇಳಿದಿ?”

“ಗೊತ್ತಿದ್ದೂ ಹೇಳದವರ ಬಾಜೂ ನೀವು ಒಮ್ಮೆ ಕುಂತು ನೋಡೀರಲ್ರಿ.”

ಅವನು ಅವಳನ್ನು ನೋಡಿದ. ಅಂಗಡಿಯಲ್ಲಿ ನೋಡುತ್ತಿದ್ದ ಕಳ್ಳನೋಟ ಅದಾಗಿರಲಿಲ್ಲ. ಅವನ ಕಣ್ಣು ಅವಳ ಮುಖದ ಮೇಲೆ ಇತ್ತು, ಇಳಿಯಲಿಲ್ಲ.

“ನಡಿ,” ಎಂದ.

“ಇನ್ನ ಅಲ್ಲಿ ನೋಡೂದ ಏನೈತಿ?”

“ನಿಮ್ಮ ಅಬ್ಬಾ ದಾರಿ ನೋಡತಿರತಾರ.”

ಮಲಂಗಸಾಬ ಒಗೆದ ಅಂಗಿ ಹಾಕಿಕೊಂಡು ದರಗಾದ ಕಟ್ಟೆಯ ಮೇಲೆ ಕುಳಿತಿದ್ದ. ಮಗಳನ್ನು ಆ ಹೊತ್ತಿನಲ್ಲಿ ಕಂಡು ಅವನ ಮುಖ ಒಂದು ಗಳಿಗೆ ಬಣ್ಣಗೆಟ್ಟಿತು.

“ಬರ್ರಿ, ಕುಂದ್ರಿ. ನೋಡಪಾ,” ಎಂದು ಗಡಿಗೆಯ ಕಡೆ ಕೈಮಾಡಿದ. “ಇದು ನಮ್ಮ ವತನ.”

ಜಾಕೀರ ಬಗ್ಗಿ ನೋಡಿದ. ಎಣ್ಣೆ ಕಂಠದವರೆಗೂ ಇತ್ತು. ನೀರಿನ ಹಾಗೆ ತೆಳ್ಳಗೆ, ವಾಸನೆಯೇ ಇಲ್ಲದ ಎಣ್ಣೆ.

“ತುಂಬೈತ್ರಿ, ಮಾಮು,” ಎಂದ.

ಅಷ್ಟರಲ್ಲಿ ಸುಶೀಲವ್ವ ಬಂದಳು. ಮೇಲಿನ ಓಣಿಯ ಮುದುಕಿ. ಶನಿವಾರ ಕದರಮಂಡಲಗಿಯ ಕಾಂತೇಶ ದೇವರಿಗೆ, ಗುರುವಾರ ಪೀರನಿಗೆ ನಡೆದುಕೊಳ್ಳುವವಳು. ಸೆರಗಿನ ಮರೆಯಲ್ಲಿ ತಂಬಿಗೆ ಇತ್ತು.

“ಏನ ಮಲಂಗಸಾಬಣ್ಣಾ, ಇವತ್ತ ಇಷ್ಟ ತುಂಬಿ ಇಟ್ಟೀಯಲ್ಲ! ನಾ ಎಲ್ಲಿ ಸುರೀಲಿ, ನಿನ್ನ ತಲೀ ಮ್ಯಾಲೇನು?”

ಮಲಂಗಸಾಬ ಮಗಳ ಮುಖ ನೋಡಿದ. ಅವಳಿಗೆ ಎಲ್ಲ ತಿಳಿದಿದೆಯೆಂದು ಅವನಿಗೆ ತಿಳಿಯಿತು. ನಿಧಾನವಾಗಿ ಎದ್ದು ಒಳಗಿನಿಂದ ಸೌಟು ಮತ್ತು ಒಂದು ಖಾಲಿ ಡಬ್ಬಿ ತಂದ. ಗಡಿಗೆಯ ಎಣ್ಣೆಯನ್ನು ಸೌಟಿನಿಂದ ಎತ್ತಿ ಎತ್ತಿ ಡಬ್ಬಿಗೆ ಹಾಕಿದ. ಸುಶೀಲವ್ವನ ತಂಬಿಗೆಗೆ ಸಾಕಾಗುವಷ್ಟು ಜಾಗವಾದಾಗ ನಿಲ್ಲಿಸಿದ.

ಅವಳು ಸುರಿದಳು. ಕುಸುಬಿ ಎಣ್ಣೆಯ ವಾಸನೆ ಬಾಗಿಲ ತುಂಬ ಹರಡಿತು.

ಆಮೇಲೆ ಅವಳ ಕಣ್ಣು ಜಾಕೀರನ ಮೇಲೆ ಬಿತ್ತು. “ಏ, ನೀ ಆ ಪ್ಯಾಟಿ ಟೇಲರ್ ಅಲ್ಲೇನ? ನನ್ನ ಖಣದ ಜಂಪರ ನಿನ್ನ ಕಡೆ ಇತ್ತಲ್ಲೋ!”

“ಸುಟ್ಟ ಹೋತ್ರಿ ಅವ್ವಾ.”

“ಸುಟ್ಟದ್ದು ಗೊತ್ತೈತಿ. ನಾ ಕೇಳಿದ್ದು, ಯಾವಾಗ ಕೊಡತಿ?”

ಗಲಾಟೆಯಾದಾಗಿನಿಂದ ಯಾರೂ ಅವನನ್ನು ಆ ಮಾತು ಕೇಳಿರಲಿಲ್ಲ. ದಾರಿಯಲ್ಲಿ ಸಿಕ್ಕ ಗಿರಾಕಿಗಳೆಲ್ಲ ಮುಖ ಬೇರೆ ಕಡೆ ಮಾಡಿ ಹೋಗಿದ್ದರು. ಜಾಕೀರನ ಕೈ ತಾನಾಗಿಯೇ ಕೊರಳಿಗೆ ಹೋಗಿ, ಅಲ್ಲಿ ಇಲ್ಲದ ಟೇಪನ್ನು ಹುಡುಕಿತು.

“ಅಳತಿ ಜಂಪರ ಕೊಟ್ಟ ಕಳಸ್ರಿ,” ಎಂದ. “ಬರೂ ಗುರುವಾರ ಕೊಡತೇನಿ.”

“ಒಂದ ತೋಳ ಗಿಡ್ಡ ಮಾಡಬ್ಯಾಡ ಮತ್ತ. ಇಕಿ ಚೂಡಿದಾರ ಊರೆಲ್ಲಾ ನೋಡೈತಿ.”

ದಿಲನಾಜ ಓಢಣಿಯ ಅಂಚನ್ನು ಹಲ್ಲಿನಲ್ಲಿ ಹಿಡಿದಳು. ಈ ಸಲ ನಗೆ ತಡೆಯಲಿಕ್ಕಲ್ಲ. ಮುಂಬಯಿ ಗಾಡಿ ರವಿವಾರ. ಅವನು ಹೇಳಿದ್ದು ಗುರುವಾರ.

ಸಂಜೆಯಾಗುತ್ತಲೇ ಮಲಂಗಸಾಬ ಬತ್ತಿ ಹೊಸೆದು ದೀಪ ಹಚ್ಚಿದ. ನಾಲ್ವರೂ ಅವರವರ ರೀತಿಯಲ್ಲಿ ಬೇಡಿಕೊಂಡು ನಿಂತರು. ಸೌಟಿನಿಂದ ತೆಗೆದ ಎಣ್ಣೆ ಮೂಲೆಯ ಡಬ್ಬಿಯಲ್ಲಿತ್ತು. ಬರುವ ವಾರಕ್ಕೆ ಅದು ಬೇಕಾಗುತ್ತದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.