ಬೆನ್ನ ಮೇಲಿನ ಅತ್ತಿಗೆ

ಕೆಳಗಿನ ಕಾಡಿನ ಮರಗಳು ರೋಗ ತಗಲಿ ಒಂದೊಂದಾಗಿ ಒಣಗುತ್ತಿದ್ದವು. ಅದೇ ಜಾತಿಯ ಮರಗಳು ಬೆಟ್ಟದ ನೆತ್ತಿಯಲ್ಲಿ ಮಾತ್ರ ಗಟ್ಟಿಮುಟ್ಟಾಗಿ ನಿಂತಿದ್ದವು. ಅವುಗಳ ಬೀಜ ತರಲು ಮೂವರು ಹೊರಟಿದ್ದರು: ಸಸಿತೋಟ ನೋಡಿಕೊಳ್ಳುವ ಅತ್ತಿಗೆ, ಬಡಗಿ ಕೆಲಸದ ಅವಳ ಮೈದುನ, ಅಡುಗೆಯ ಡುಮ್ಮಣ್ಣ. ಡುಮ್ಮಣ್ಣ ಕಡ್ಡಿಯಷ್ಟು ತೆಳ್ಳಗಿದ್ದ. ಆ ಹೆಸರಿಟ್ಟವರು ಯಾವ ಕಣ್ಣಿನಿಂದ ನೋಡಿದ್ದರೋ!

ಬೀಜವೇನೋ ಸಿಕ್ಕಿತು. ಚೀಲ ತುಂಬಿದ ದಿನವೇ ಅತ್ತಿಗೆಗೆ ಜ್ವರ ಏರಿತು. ಡೇರೆಯಲ್ಲಿ ಮಲಗಿ ಏನೇನೋ ಬಡಬಡಿಸಿದಳು, ಮರಗಳಿಗೆಲ್ಲ ಕಂಬಳಿ ಹೊದಿಸಿಲ್ಲವೆಂದು ಡುಮ್ಮಣ್ಣನನ್ನು ಗದರಿದಳು. ಈಗ ಜ್ವರ ಬಿಟ್ಟು ತಲೆ ತಿಳಿಯಾಗಿತ್ತು, ಆದರೆ ನಿಂತರೆ ಕಾಲು ನಡುಗುತ್ತಿತ್ತು. ಹೊಳೆಯ ದಡದಲ್ಲಿ ದೋಣಿಯವನು ಇವತ್ತು ಸಂಜೆಯವರೆಗೆ ಮಾತ್ರ ಕಾಯುವವನಿದ್ದ. ಮಳೆಗಾಲಕ್ಕೆ ಮುಂಚೆ ಅದೇ ಕೊನೆಯ ದೋಣಿ. ತಪ್ಪಿದರೆ ತಿನ್ನಲು ಏನೂ ಇಲ್ಲದೆ ಕಾಡಿನಲ್ಲಿ ಕೂರಬೇಕು, ಇಷ್ಟು ಕಷ್ಟಪಟ್ಟು ತಂದ ಬೀಜಕ್ಕೆ ಬೂಸ್ಟು ಹಿಡಿಯುತ್ತದೆ.

ಮೈದುನ ಗಳ ಕಡಿದು, ಹಗ್ಗ ಬಿಗಿದು, ಬೆನ್ನಿಗೆ ಹೊರುವ ಕುರ್ಚಿಯೊಂದನ್ನು ಮಾಡಿದ. ಕುರ್ಚಿ ಚೆನ್ನಾಗಿತ್ತು. ಒಂದೇ ತೊಂದರೆ, ಕೂತವರ ಮುಖ ಹಿಂದಕ್ಕೆ.

"ನಾನು ನಡೀತೀನಿ ಅಂದ್ನಲ್ಲ!"

"ಸುಮ್ನೆ ಕೂತ್ಕೊಳ್ಳಿ ಅತ್ತಿಗೆ. ಜ್ವರ ಬಿಟ್ಟು ಇನ್ನೂ ಒಂದು ದಿನ ಆಗಿಲ್ಲ."

ಹೀಗೆ ಅತ್ತಿಗೆ ಬಿಟ್ಟು ಬಂದ ದಾರಿಯನ್ನೇ ನೋಡುತ್ತ ಬೆಟ್ಟ ಇಳಿದಳು. ಮೇಲೆ ಜೋಡಿ ಶಿಖರ, ಅದರ ಕೆಳಗೆ ನೆತ್ತಿ ಬೋಳಾದ ಬಿಳಿ ಬಂಡೆ, ಆಮೇಲೆ ದಟ್ಟ ಹಸಿರು. ಹತ್ತಿ ಬರುವಾಗ ಕಣ್ಣೆದುರಿಗಿದ್ದ ನೋಟವೇ ಇದು. ಗಾಳಿ ತಣ್ಣಗಿತ್ತು, ಎಲೆಗಳ ಹಸಿ ವಾಸನೆ ಮೂಗಿಗೆ ಬರುತ್ತಿತ್ತು, ಎಷ್ಟೋ ದಿನದ ಮೇಲೆ ಹಸಿವು ಕೂಡ ಆಗುತ್ತಿತ್ತು. ಇಬ್ಬರೂ ಗಳಿಗೆಗೊಮ್ಮೆ "ಸುಸ್ತಾಯ್ತಾ? ಚಳೀನಾ?" ಎಂದು ಕೇಳಿ ತಲೆ ತಿನ್ನದಿದ್ದರೆ ಅವಳಿಗೆ ಹಾಯಾಗಿಯೇ ಇರುತ್ತಿತ್ತು.

ಒಂದು ತಿರುವಿನಲ್ಲಿ ಜೋಡಿ ಶಿಖರ ಗುಡ್ಡದ ಹಿಂದೆ ಮರೆಯಾಯಿತು.

"ನಿಲ್ಲು! ದಾರಿ ತಪ್ಪಿದೆ."

"ಇದೇ ಕಣಿವೆ ಅಕ್ಕಾ," ಎಂದ ಮುಂದಿದ್ದ ಡುಮ್ಮಣ್ಣ.

"ಹತ್ತುವಾಗ ಶಿಖರ ಒಂದು ಸಲಾನೂ ಮರೆಯಾಗಿರಲಿಲ್ಲ. ಈಗೆಲ್ಲಿ?"

"ಆಯ್ತು ಅತ್ತಿಗೆ. ಕಣ್ಣು ಮುಚ್ಚಿ ಮಲಗಿ," ಎಂದ ಮೈದುನ, ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ. ಅತ್ತಿಗೆಗೆ ಮೈಯೆಲ್ಲ ಉರಿದುಹೋಯಿತು. ಕಂಬಳಿಯ ಮಾತೊಂದನ್ನು ಆಡಿದ್ದಕ್ಕೆ ಇನ್ನು ಜನ್ಮಪೂರ್ತಿ ಅವಳ ಮಾತಿಗೆ ಬೆಲೆಯಿಲ್ಲವೇ?

ಅಷ್ಟರಲ್ಲಿ ಮೈದುನನ ಕಾಲ ಕೆಳಗಿನ ಜಲ್ಲಿ ಜಾರಿತು.

ಅವನು ಧೊಪ್ಪನೆ ಕುಸಿದ. ಕುರ್ಚಿ ನೆಲಕ್ಕೆ ಬಡಿಯಿತು. ಇಬ್ಬರೂ ಡುಮ್ಮಣ್ಣನನ್ನೂ ದಾಟಿ ಸರ್ರನೆ ಕೆಳಕ್ಕೆ ಜಾರಿದರು.

ಅತ್ತಿಗೆ ಕೈಗೆ ಸಿಕ್ಕ ಬೇರನ್ನು ಹಿಡಿದಳು. ಅಂಗೈಯ ಚರ್ಮ ಕಿತ್ತುಹೋಯಿತು. ಬಿಡಲಿಲ್ಲ.

"ಡುಮ್ಮಣ್ಣಾ, ಹಗ್ಗ!"

ಮೇಲಿನಿಂದ ಹಗ್ಗ ಬಂತು. ಮೈದುನ ಅದನ್ನು ಹಿಡಿದು ಮೊಣಕಾಲೂರಿ ಎದ್ದ. ಮುಂದೆ ನಾಲ್ಕು ಹೆಜ್ಜೆಯಾಚೆ ನೆಲವೇ ಇರಲಿಲ್ಲ. ನೀರು ಬೀಳುವ ಸದ್ದು ಎಲ್ಲೋ ಆಳದಿಂದ ಕೇಳುತ್ತಿತ್ತು.

ಹಗ್ಗ ಹಿಡಿದೇ ಅಂಚಿನಿಂದ ಮೇಲಕ್ಕೆ ಸರಿದರು. ಆಮೇಲೆ ಮೈದುನ ಮೆಲ್ಲಗೆ, "ಶಿಖರ ಎಲ್ಲಿ ಕಾಣಬೇಕಿತ್ತು ಅತ್ತಿಗೆ?" ಎಂದು ಕೇಳುತ್ತ ಅದನ್ನು ನೋಡಲು ಹಿಂದಕ್ಕೆ ತಿರುಗಿದ.

"ಅಯ್ಯೋ, ನೀನು ತಿರುಗಿದ್ರೆ ನಂಗೇನಪ್ಪಾ ಕಾಣುತ್ತೆ? ಇತ್ತ ತಿರುಗು!"

ತಿರುವಿನವರೆಗೆ ವಾಪಸು ಹತ್ತಿದರು. ಪೊದೆಗಳ ಮರೆಯಲ್ಲಿ ಇನ್ನೊಂದು ಕಣಿವೆಯಿತ್ತು. ಮೇಲೆ ಹೋಗುವಾಗ ಇವರು ಅಲ್ಲಿಂದಲೇ ಹೊರಬಂದಿದ್ದರು, ಬೆನ್ನ ಹಿಂದೆ ಎರಡು ದಾರಿ ಕೂಡುವುದನ್ನು ಯಾರೂ ತಿರುಗಿ ನೋಡಿರಲಿಲ್ಲ. ಅಲ್ಲಿಗಿಳಿದ ಕೂಡಲೇ ಶಿಖರ ಅತ್ತಿಗೆಯ ಕಣ್ಣೆದುರು ಬಂದು ನಿಂತಿತು. ಆಮೇಲಿನ ದಾರಿಯೆಲ್ಲ ಅವಳದೇ ಹುಕುಂ.

"ಎಡಕ್ಕೆ!"

"ನಿಮ್ಮ ಎಡಕ್ಕೋ, ನನ್ನ ಎಡಕ್ಕೋ?"

"ನನ್ನ ಎಡ! ಎಷ್ಟು ಸಲ ಹೇಳ್ಬೇಕು?"

"ಹಾಗಾದ್ರೆ ಬಲಕ್ಕೆ ಅನ್ನಿ ಅತ್ತಿಗೆ!"

ಬಿಸಿಲು ಇಳಿಯಿತು. ಗಂಡಸರಿಬ್ಬರೂ ಕುರ್ಚಿಯನ್ನೂ ಬೀಜದ ಚೀಲವನ್ನೂ ಅದಲುಬದಲು ಹೊತ್ತು ಬಹುತೇಕ ಓಡಿದರು. ಕೊನೆಯ ಪೊದೆ ಸೀಳಿ ದಡಕ್ಕೆ ಬಂದಾಗ ದೋಣಿ ಆಗಲೇ ಹಗ್ಗ ಬಿಚ್ಚಿ ಹೊಳೆಯ ನಡುವಿಗೆ ಹೋಗಿತ್ತು. ಮೈದುನ ಕೂಗಲು ಬಾಯಿ ತೆರೆದ, ಗಾಳಿಯಷ್ಟೇ ಹೊರಟಿತು. ಡುಮ್ಮಣ್ಣ ಮರಳಿನ ಮೇಲೆ ಬೋರಲು ಬಿದ್ದ.

ಅತ್ತಿಗೆ ಕುರ್ಚಿಯಿಂದ ಇಳಿದಳು. ದಿನವಿಡೀ ನುಂಗಿಕೊಂಡಿದ್ದ ಸಿಟ್ಟೆಲ್ಲ ಗಂಟಲಿಗೆ ಬಂದಿತ್ತು.

"ಏಯ್! ದೋಣಿ ತಿರುಗಿಸೋ!"

ಆಚೆ ದಡದ ಹಕ್ಕಿಗಳು ಗುಂಪಾಗಿ ಹಾರಿದವು. ದೋಣಿಯವನು ಬೆಚ್ಚಿ ಹುಟ್ಟು ಕೈಬಿಟ್ಟ, ತಡಬಡಿಸಿ ಹಿಡಿದುಕೊಂಡ. ದೋಣಿ ನಿಧಾನಕ್ಕೆ ಮೂತಿ ತಿರುಗಿಸಿತು.

ಅವನು ದಡಕ್ಕೆ ಬಂದು ಕುರ್ಚಿಯನ್ನು ನೋಡಿದ. ಮರಳಲ್ಲಿ ಏದುಸಿರು ಬಿಡುತ್ತ ಬಿದ್ದಿದ್ದ ಇಬ್ಬರನ್ನೂ ನೋಡಿದ.

"ಅಯ್ಯೋ ಪಾಪ. ಇವರಿಬ್ಬರಲ್ಲಿ ಹುಷಾರಿಲ್ಲದವರು ಯಾರಮ್ಮಾ?"

ಅತ್ತಿಗೆ ಬೀಜದ ಚೀಲವನ್ನು ತಾನೇ ಎತ್ತಿ ದೋಣಿಯೊಳಗಿಟ್ಟಳು.

"ಇಬ್ಬರೂನೂ. ಮೆಲ್ಲಗೆ ಹತ್ತಿಸಿಕೊಳ್ಳಪ್ಪಾ."