‘ನಾಪತ್ತೆ’ಗೆ ಎಷ್ಟು ಅರ್ಥ

“ಈ ಪದ ನಿಮಗೆ ತಮಾಷೆಯಾ?”

ಹಳೆಯ ಪತ್ರಿಕೆಗಳ ಕೋಣೆಯಲ್ಲಿ ಅವಳು ಸಿಡುಕಿದಳು. ಎದುರಿಗಿದ್ದವನು ನಿಘಂಟಿನ ಕೆಲಸದವನು. ಬೇರೆ ಬೇರೆ ಪತ್ರಿಕೆಗಳ ಹಳೆಯ ಸುದ್ದಿಗಳಲ್ಲಿ ‘ನಾಪತ್ತೆ’ ಎಂಬ ಪದ ಯಾವ ಯಾವ ಅರ್ಥದಲ್ಲಿ ಬಂದಿದೆ ಎಂದು ಹುಡುಕಲು ಬಂದಿದ್ದ. ಜೈಲಿನಿಂದ ಕೈದಿ ನಾಪತ್ತೆ, ಕೊಟ್ಟಿಗೆಯಿಂದ ಎಮ್ಮೆ ನಾಪತ್ತೆ, ಸಭೆಯಿಂದ ಅಧ್ಯಕ್ಷರೇ ನಾಪತ್ತೆ... ಎಂದು ಓದಿ ನಕ್ಕಿದ್ದಷ್ಟೇ ಅವನ ತಪ್ಪು.

ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಅವಳಿಗೆ ಆ ಪದ ಕೇಳಿದರೆ ಆಗುತ್ತಿರಲಿಲ್ಲ.

ಅವಳು ಚಿಕ್ಕವಳಿದ್ದಾಗ, ದೋಣಿ ನಡೆಸುತ್ತಿದ್ದ ಅಪ್ಪ ಮತ್ತು ಅದೇ ಬೀದಿಯ ದರ್ಜಿಯ ಹೆಂಡತಿ ಒಂದೇ ದಿನ ಕಾಣೆಯಾಗಿದ್ದರು. ‘ದೋಣಿಯವ, ಗೃಹಿಣಿ ನಾಪತ್ತೆ’ ಎಂದು ಪತ್ರಿಕೆ ಬರೆಯಿತು. ನದಿಯ ಪ್ರವಾಹ ಆಗಲೇ ಇಳಿದಿತ್ತಲ್ಲ, ಓಡಿಹೋಗಿದ್ದಾರೆ ಎಂದು ಬೀದಿ ತೀರ್ಮಾನಿಸಿತು.

ಅಂದಿನಿಂದ ಅಮ್ಮ ಅಪ್ಪನ ಹೆಸರೆತ್ತಲಿಲ್ಲ. ಮಗಳು ಯಾವ ಗಂಡಸನ್ನೂ ನಂಬಲಿಲ್ಲ. ಈ ಕೋಣೆಯಲ್ಲಿದ್ದ ಆ ವರ್ಷದ ಪತ್ರಿಕೆಗಳ ಸಂಪುಟದ ಧೂಳನ್ನೂ ಅವಳು ಒರೆಸುತ್ತಿರಲಿಲ್ಲ.

ಅವನು ಮತ್ತೆ ನಗಲಿಲ್ಲ. ದಿನಾ ಬಂದು, ಕೇಳಿ ಕೇಳಿ ಸಂಪುಟ ತೆಗೆಸಿಕೊಂಡು, ಜೋಪಾನವಾಗಿ ಪುಟ ತಿರುವುತ್ತಿದ್ದ. ಬರುಬರುತ್ತಾ ಅವನು ಬರುವುದು ತಡವಾದರೆ ಅವಳ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು. ‘ನನಗೇನು ಹುಚ್ಚಾ...’ ಎಂದು ತನ್ನನ್ನೇ ಗದರಿಸಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಅವನ ಮೇಜಿನ ಮೇಲಿದ್ದ ಕರಡಿನತ್ತ ಅವಳ ಕಣ್ಣು ಬಿತ್ತು. ‘ನಾಪತ್ತೆಯಾಗು: ಪ್ರೇಮಿಯೊಡನೆ ಓಡಿಹೋಗು.’ ಅದರ ಕೆಳಗೆ ಉದಾಹರಣೆಯಾಗಿ ಕೊಟ್ಟಿದ್ದು ಅಪ್ಪನ ಸುದ್ದಿ.

“ಅದು ನಮ್ಮಪ್ಪ,” ಎಂದಳು. “ನೀವೂ ಬೀದಿಯವರ ಹಾಗೇ ಓದಿದ್ರಿ. ಇನ್ನು ನನ್ನ ಹತ್ತಿರ ಬರಬೇಡಿ.”

ಅವನು ಹತ್ತಿರ ಬರಲಿಲ್ಲ. ದೂರದ ಮೂಲೆಯಲ್ಲಿ ಕೂತು ಅದೇ ವರ್ಷದ ಪತ್ರಿಕೆಗಳನ್ನು ಮೊದಲಿನಿಂದ ಓದತೊಡಗಿದ. ಬೇಡ ಅಂದವಳೂ ತಾನೇ, ಮನೆಗೆ ಹೋಗಿ ಅಳುವವಳೂ ತಾನೇ... ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಕೊನೆಗೊಂದು ದಿನ ಅವನು ಸಂಪುಟವನ್ನೇ ಹೊತ್ತು ತಂದು ಅವಳ ಮುಂದೆ ತೆರೆದಿಟ್ಟ. ಪ್ರೇಮಿಗಳು ಓಡಿಹೋದರೆ, ಅಪ್ಪನ ಸುದ್ದಿ ಬರೆದಿದ್ದ ಪತ್ರಿಕೆ ಪ್ರತಿಸಲವೂ ‘ಪರಾರಿ’ ಎಂದೇ ಬರೆಯುತ್ತಿತ್ತು. ನದಿ ಕೊಚ್ಚಿಕೊಂಡು ಹೋಗಿ ಹೆಣ ಸಿಗದವರನ್ನು ಮಾತ್ರ ‘ನಾಪತ್ತೆ’ ಎನ್ನುತ್ತಿತ್ತು. ಅಪ್ಪನ ಸುದ್ದಿ ಇದ್ದದ್ದು ಪ್ರವಾಹದ ಅಂಕಣದಲ್ಲಿ, ನೀರು ಇಳಿದ ಮೇಲೂ ಮುಳುಗಿದ ದೋಣಿಗಳ ಸುದ್ದಿಯ ಪಕ್ಕದಲ್ಲೇ.

“ಹೀಗೇ ಆಯ್ತು ಅಂತ ಆಣೆ ಮಾಡಿ ಹೇಳಲಾರೆ,” ಎಂದ ಅವನು. “ಆದ್ರೆ ಓಡಿಹೋದ್ರು ಅಂತ ಪತ್ರಿಕೆ ಬರೆದಿಲ್ಲ. ಅದು ಜನ ಸೇರಿಸಿದ್ದು. ಪಕ್ಕದ ಸುದ್ದಿನೂ ನೋಡದೆ ನಾನೂ ಸೇರಿಸಿದೆ. ನಿಮ್ಮನ್ನ ಪ್ರೀತಿಸ್ತೀನಿ... ಆದ್ರೆ ಅದಕ್ಕೋಸ್ಕರ ನನ್ನ ತಪ್ಪನ್ನ ಕ್ಷಮಿಸಬೇಡಿ.”

ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು. ಅಪ್ಪ ನಮ್ಮನ್ನು ಬಿಟ್ಟುಹೋಗಿರಲಿಲ್ಲವೇನೋ... ಕಣ್ಣು ತುಂಬಿ ಅಕ್ಷರಗಳು ಕಾಣದಾದವು.

“ಅಮ್ಮ ಇಷ್ಟು ವರ್ಷ ಬರೀ ಸಿಟ್ಟಲ್ಲೇ ಬದುಕಿದ್ಲು. ಅಪ್ಪನಿಗೋಸ್ಕರ ಒಂದ್ಸಲಾನೂ ಅತ್ತಿಲ್ಲ,” ಎಂದಳು. “ಮನೆಗೆ ಬಾ. ಅವಳಿಗೆ ನೀನೇ ಓದಿ ಹೇಳು. ನನ್ನಿಂದಾಗಲ್ಲ.”

‘ನೀವು’ ಯಾವಾಗ ‘ನೀನು’ ಆಯಿತೆಂದು ಅವಳಿಗೇ ತಿಳಿಯಲಿಲ್ಲ. ಅವನಿಗೆ ತಿಳಿಯಿತು.

“ಓದಿದ ಮೇಲೆ... ನಾನು ಹೊರಡಬೇಕಾ?”

“ಅಮ್ಮ ಅಳ್ತಾಳೆ. ನಾನೂ ಅಳ್ತೀನಿ. ಯಾರು ಯಾರನ್ನ ಸಮಾಧಾನ ಮಾಡೋದು?” ಅವಳು ಅವನ ಕೈ ಹಿಡಿದುಕೊಂಡಳು. “ಇದ್ದುಬಿಡು.”