ಸದ್ದಿಲ್ಲದ ಟ್ರೇಲರ್

“ಮಿಸ್, ಇವಳು ರೀಲು ಬಿಡ್ತಿದ್ದಾಳೆ! ಟ್ರೇಲರ್ ಹಾಕಿ, ಗೊತ್ತಾಗುತ್ತೆ!”

ಕ್ಲಾಸ್ ಕ್ಯಾಪ್ಟನ್ ತನ್ನ ಬೆಂಚಿನಿಂದ ಅರ್ಧ ಎದ್ದು ನಿಂತಿದ್ದ. ತರಗತಿಯ ಮುಂದೆ ಕೈ ಕಟ್ಟಿ ನಿಂತಿದ್ದ ಗುಬ್ಬಿ ಕತೆಯನ್ನು ಅರ್ಧಕ್ಕೇ ನಿಲ್ಲಿಸಿದಳು.

ಒಂದು ಗಳಿಗೆಯ ಮುಂಚೆ ಎಲ್ಲ ಚೆನ್ನಾಗಿಯೇ ಇತ್ತು. ಡ್ರಾಯಿಂಗ್ ಮಿಸ್ ತರಗತಿಯ ಹಿಂದಿನ ಗೋಡೆಗೆ ಬಿಳಿ ಬಣ್ಣ ಹೊಡೆಸಿದ್ದರು. ಹೊಸ ಸೀಸನ್‌ನಲ್ಲಿ ಶುರುವಾಗುವ ಅನಿಮೆಗಳಲ್ಲಿ, ಅಂದರೆ ಜಪಾನಿನ ಕಾರ್ಟೂನ್ ಶೋಗಳಲ್ಲಿ, ನೀವು ಯಾವುದಕ್ಕೆ ಕಾಯುತ್ತಿದ್ದೀರಿ, ಯಾಕೆ ಕಾಯುತ್ತಿದ್ದೀರಿ, ಬಂದು ಹೇಳಿ ಎಂದಿದ್ದರು. ಕೇಳಿದವರು ತಮಗೆ ಇಷ್ಟವಾದದ್ದಕ್ಕೆ ಕೈ ಎತ್ತಬೇಕು. ಯಾರಿಗೆ ಹೆಚ್ಚು ಕೈ ಏಳುತ್ತದೋ ಅವರ ಅನಿಮೆಯ ಚಿತ್ರ ಗೋಡೆಗೆ. ಬಿಡಿಸುವವರೂ ಅವರೇ.

ಆ ಗೋಡೆಯನ್ನು ನೋಡಿದಾಗಿನಿಂದ ಗುಬ್ಬಿಗೆ ಊಟ ರುಚಿಸಿರಲಿಲ್ಲ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದು ಬೆಳೆದವಳು ಅವಳು. ಅಷ್ಟು ದೊಡ್ಡ ಬಿಳಿ ಜಾಗ! ಕನಸಿನಲ್ಲೂ ಅದೇ ಬರುತ್ತಿತ್ತು.

ಮೊದಲು ಕ್ಯಾಪ್ಟನ್ ತನ್ನ ರೋಬೋಟ್ ಅನಿಮೆಯ ಬಗ್ಗೆ ಕೈಕಾಲು ಬೀಸಿ, ಬಾಯಲ್ಲೇ ಬಾಂಬು ಹಾರಿಸಿ ಹೇಳಿದ್ದ. ಎಲ್ಲರೂ ಶಿಳ್ಳೆ ಹಾಕಿದ್ದರು. ಆಮೇಲೆ ಗುಬ್ಬಿ ಎದ್ದು ಬಂದಳು.

“ಒಂದು ದೊಡ್ಡ ನದಿ. ಅಲ್ಲೊಬ್ಬ ತಾತ ದೋಣಿ ನಡೆಸ್ತಾರೆ. ಅವರಿಗೆ ಕಿವಿ ಕೇಳಲ್ಲ. ಅದನ್ನ ಅವರು ಯಾರಿಗೂ ಹೇಳಿಲ್ಲ. ಹೇಳಿದ್ರೆ ದೋಣಿ ಕಿತ್ಕೋತಾರಲ್ಲ? ಒಂದಿನ ಆ ಕಡೆ ದಡದಲ್ಲಿ ಒಬ್ಬಳು ಹುಡುಗಿ ಲಾಟೀನು ಹಿಡ್ಕೊಂಡು ಕೂಗ್ತಾಳೆ. ತುಂಬಾ ಮಂಜು. ಲಾಟೀನೂ ಕಾಣಲ್ಲ, ಕೂಗೂ ಕೇಳಲ್ಲ. ಆಗ ಒಂದು ಹಕ್ಕಿ ಬಂದು ಅವಳ ಕೂಗನ್ನೇ ಕೊಕ್ಕಲ್ಲಿ ಕಚ್ಕೊಂಡು ನದಿ ಮೇಲೆ ಹಾರುತ್ತೆ...”

ಕೊನೇ ಬೆಂಚಿನ ತುಂಟರೂ ಗಲ್ಲಕ್ಕೆ ಕೈ ಹಚ್ಚಿ ಕೇಳುತ್ತಿದ್ದರು. ಆಗಲೇ ಕ್ಯಾಪ್ಟನ್ ಕೂಗಿದ್ದು.

“ಆಗಲಿ, ನೋಡೇ ಬಿಡೋಣ” ಎಂದು ಮಿಸ್ ಪರದೆ ಇಳಿಸಿದರು. ಅದರ ಮೇಲೆ ವಿಡಿಯೊ ಲೋಡ್ ಆಗುವ ಸಣ್ಣ ವೃತ್ತ ಗಿರಗಿರ ತಿರುಗತೊಡಗಿತು.

ಗುಬ್ಬಿಗೆ ಥಟ್ಟನೆ ಹೊಳೆಯಿತು. ಆ ಟ್ರೇಲರ್ ಅವಳು ಎಷ್ಟೋ ಸಲ ನೋಡಿದ್ದಳು, ಕೇಳಿರಲಿಲ್ಲ. ಒಂದು ಸಲವೂ!

ಅವಳ ಅಪ್ಪ ಬೇಕರಿಯಲ್ಲಿ ರಾತ್ರಿಯೆಲ್ಲ ಬ್ರೆಡ್ ಬೇಯಿಸಿ ಬೆಳಗ್ಗೆ ಬಂದು ಮಲಗುವವರು. ಹಗಲೆಲ್ಲ ಅವರ ಮನೆಯಲ್ಲಿ ಪಿಸುಮಾತೇ ಮಾತು. ಪಾತ್ರೆಯನ್ನೂ ಮಗುವಿನಂತೆ ಇಳಿಸಬೇಕು. ಗುಬ್ಬಿ ಅಪ್ಪನ ಫೋನನ್ನು ಮ್ಯೂಟ್ ಮಾಡಿ ಅಜ್ಜಿಯ ಮಗ್ಗುಲಲ್ಲಿ ಕೂರುತ್ತಿದ್ದಳು. ಚಿತ್ರಗಳು ಓಡುತ್ತಿದ್ದವು. ಅಜ್ಜಿ ಅವಳ ಕಿವಿಗೆ ಬಾಯಿಟ್ಟು ಕತೆ ಹೇಳುತ್ತಿದ್ದರು. ಕೇಳಿ ಕೇಳಿ ಗುಬ್ಬಿಗೆ ಅದು ಅಜ್ಜಿ ಹೇಳಿದ್ದು ಎನ್ನುವುದೇ ಮರೆತುಹೋಗಿತ್ತು.

“ಇದರ ಮಾತೂ ಕೇಳಬೇಕಿತ್ತು ಅಲ್ವಾ ಅಜ್ಜಿ?” ಎಂದು ಅವಳು ಒಮ್ಮೆ ಪಿಸುಗುಟ್ಟಿದ್ದಳು. “ಹೂಂ ಕಣೇ, ಈ ಬಿಸಿಲಿಗೆ ಎಲ್ಲ ಒಣಗಿರುತ್ತೆ” ಎಂದಿದ್ದರು ಅಜ್ಜಿ. ಅಜ್ಜಿಯ ಧ್ಯಾನವೆಲ್ಲ ಒಣಹಾಕಿದ ಬಟ್ಟೆಯ ಮೇಲೆ ಎಂದು ಗುಬ್ಬಿ ನಕ್ಕು ಸುಮ್ಮನಾಗಿದ್ದಳು.

ವೃತ್ತ ನಿಂತಿತು.

ಢಂ! ಢಂ! ಢಂ! ನಗಾರಿಯ ಸದ್ದಿಗೆ ಕಿಟಕಿಯ ಗಾಜು ಅದುರಿತು. ಅದು ದೋಣಿ ರೇಸಿನ ಅನಿಮೆ. ತಾತ ಅಂಬಿಗನಲ್ಲ, ಕೋಚ್. ಬಾಯಿ ತೆರೆದರೆ ಗುಡುಗು. ಲಾಟೀನಿನ ಹುಡುಗಿ ಗೆಲುವಿನ ಗೆರೆಯ ಹತ್ತಿರ ನಿಂತು ಟೀಮಿಗೆ ಜೈಕಾರ ಹಾಕುತ್ತಿದ್ದಳು. ಹಕ್ಕಿಯ ಕೊಕ್ಕಿನಲ್ಲಿದ್ದದ್ದು ಕೋಚ್‌ನ ವಿಷಲ್! ಅದನ್ನು ಕದ್ದು ಹಾರುವ ಹಕ್ಕಿಯ ಹಿಂದೆ ತಾತ ಬೊಬ್ಬೆ ಹೊಡೆಯುತ್ತ ಓಡಿ ನೀರಿಗೆ ಬಿದ್ದರು.

ತರಗತಿ ಬಿದ್ದು ಬಿದ್ದು ನಕ್ಕಿತು.

“ಕಿವುಡು ತಾತನಂತೆ! ನಮ್ಮ ಪಿ.ಟಿ. ಸಾರ್‌ಗಿಂತ ಜೋರು ಗಂಟಲು!” ಎಂದ ಒಬ್ಬ.

“ನಾನು ಹೇಳ್ಲಿಲ್ವಾ?” ಕ್ಯಾಪ್ಟನ್ ಕಾಲರ್ ಎಳೆದುಕೊಂಡ. “ಎಲ್ಲಾ ಬೊಗಳೆ!”

ಮಿಸ್ ಕೈ ಎತ್ತಿ ಸುಮ್ಮನಾಗಿಸಿದರು. “ಏನಮ್ಮಾ ಗುಬ್ಬಿ? ಆ ಕತೆ ಎಲ್ಲಿಂದ ಬಂತು?”

ಒಂದು ಸುಳ್ಳು ನಾಲಿಗೆಯ ತುದಿಗೆ ಬಂದು ಕೂತಿತ್ತು. ‘ಅದು ಮುಂದಿನ ಎಪಿಸೋಡ್‌ಗಳಲ್ಲಿ ಬರುತ್ತೆ, ಮಿಸ್.’ ಅಷ್ಟು ಹೇಳಿದರೆ ಸಾಕು. ಶೋ ಇನ್ನೂ ಶುರುವೇ ಆಗಿಲ್ಲ, ಇಲ್ಲ ಅನ್ನುವವರು ಯಾರು? ಗೋಡೆ ಎದುರಿಗೇ ಬೆಳ್ಳಗೆ ನಿಂತಿತ್ತು.

ಗುಬ್ಬಿ ಎಂಜಲು ನುಂಗಿದಳು. ಸುಳ್ಳೂ ಒಳಗೆ ಹೋಯಿತು.

“ನಾನು ಸೌಂಡ್ ಇಲ್ದೇ ನೋಡಿದ್ದು ಮಿಸ್. ಹಗಲು ಅಪ್ಪ ಮಲಗಿರ್ತಾರೆ. ಕತೆ ನಮ್ಮಜ್ಜಿ ಹೇಳಿದ್ದು. ಶೋದಲ್ಲೂ ಹಾಗೇ ಇದೆ ಅಂದ್ಕೊಂಡುಬಿಟ್ಟೆ.”

ಅವಳಿಗೆ ಕೈ ಎತ್ತಿದವರು ಬೆರಳೆಣಿಕೆಯಷ್ಟು ಮಂದಿ. ಗೋಡೆ ರೋಬೋಟ್‌ನ ಪಾಲಾಯಿತು.

ಬೆಲ್ ಹೊಡೆದ ಮೇಲೆ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಹಿಂದೆ ಯಾರೋ ಬಂದು ನಿಂತರು. ಕ್ಯಾಪ್ಟನ್. ಇನ್ನೂ ಏನು ಬಾಕಿ ಇದೆಯೋ ಎಂದು ಗುಬ್ಬಿ ಬ್ಯಾಗನ್ನು ಎದೆಗೆ ಒತ್ತಿಕೊಂಡಳು.

ಅವನು ಅತ್ತಿತ್ತ ನೋಡಿದ. “ಲೇ, ಆ ಹಕ್ಕಿ... ತಾತನ ಹತ್ರ ತಲುಪ್ತಾ?”

“ಗೊತ್ತಿಲ್ಲ ಕಣೋ. ಅಜ್ಜಿ ಅಲ್ಲಿಗೇ ನಿಲ್ಲಿಸಿದಾರೆ.”

“ಕೇಳ್ಕೊಂಡು ಬಾ ಮತ್ತೆ!” ಎಂದು ಅವನು ಓಡಿಹೋದ.

ಮನೆಯಲ್ಲಿ ಅಪ್ಪನ ಗೊರಕೆ ಮಂದವಾಗಿ ಕೇಳುತ್ತಿತ್ತು. ಅಜ್ಜಿ ಬಾಗಿಲಿಗೆ ಬೆನ್ನು ಹಾಕಿ ಬಟ್ಟೆ ಮಡಚುತ್ತಿದ್ದರು.

“ಅಜ್ಜಿ” ಎಂದು ಗುಬ್ಬಿ ಪಿಸುಗುಟ್ಟಿದಳು.

ಅಜ್ಜಿ ತಿರುಗಲಿಲ್ಲ.

“ಅಜ್ಜೀ...”

ಅಪ್ಪನ ಅಂಗಿಯ ತೋಳು ಮಡಚಿಕೊಂಡಿತು. ಅಜ್ಜಿ ತಿರುಗಲಿಲ್ಲ.

ಗುಬ್ಬಿಯ ನೆರಳು ಬಟ್ಟೆಯ ಮೇಲೆ ಬಿದ್ದಾಗ ಅಜ್ಜಿ ಬೆಚ್ಚಿ ತಲೆ ಎತ್ತಿದರು. ನಕ್ಕರು. ಆದರೆ ಅವರ ನೋಟ ಗುಬ್ಬಿಯ ಕಣ್ಣಿನ ಮೇಲಿರಲಿಲ್ಲ, ತುಟಿಯ ಮೇಲಿತ್ತು.

ಅವರಿಗೆ ಕಿವಿ ಕೇಳಲ್ಲ.

ಅದನ್ನ ಅವರು ಯಾರಿಗೂ ಹೇಳಿಲ್ಲ.

ಬ್ಯಾಗು ಹೆಗಲಿನಿಂದ ಜಾರಿ ಕೆಳಗೆ ಬಿತ್ತು. ಗುಬ್ಬಿ ಅದನ್ನು ಎತ್ತಲಿಲ್ಲ. ಅಜ್ಜಿಯ ಕೈ ಹಿಡಿದು ಎಬ್ಬಿಸಿದಳು. ಅಡುಗೆಮನೆ ದಾಟಿಸಿ, ಹಿತ್ತಲ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, ಹಿತ್ತಲಿನ ಕೊನೆಯ ಕಲ್ಲಿನವರೆಗೂ ಕರೆದುಕೊಂಡು ಹೋಗಿ ಕೂರಿಸಿದಳು. ಇಲ್ಲಿ ಎಷ್ಟು ಕೂಗಿದರೂ ಅಪ್ಪನಿಗೆ ಎಚ್ಚರವಾಗುವುದಿಲ್ಲ.

“ಅಜ್ಜೀ! ಆ ಹಕ್ಕಿ ತಾತನ ಹತ್ರ ತಲುಪ್ತಾ?”

ಬೇಲಿಯ ಮೇಲಿದ್ದ ಕಾಗೆ ಹಾರಿಹೋಯಿತು.

“ಅಯ್ಯೋ ನಿನ್ನ! ಬೀದಿಗೆಲ್ಲ ಕೇಳೋ ಹಾಗೆ ಕೂಗ್ತೀಯಲ್ಲೇ” ಎಂದು ಅಜ್ಜಿ ಅವಳ ಬೆನ್ನಿಗೊಂದು ಗುದ್ದಿದರು. ಗುದ್ದಿದ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ. ಆಮೇಲೆ ಮೆಲ್ಲಗೆ, “ಇನ್ನೊಂದು ಸಲ ಹೇಳು” ಎಂದರು.

ಗುಬ್ಬಿ ಇನ್ನಷ್ಟು ಹತ್ತಿರಕ್ಕೆ ಸರಿದು ಕೂತಳು. ಮೊದಲಿನಷ್ಟೇ ಜೋರಾಗಿ ಹೇಳಿದಳು.